ಜಾಲಿದಿಬ್ಬದ ರಾಣಿ

ಅರಮನೆಯಲ್ಲಿ ನನಗೆ ಹೆಸರಿರಲಿಲ್ಲ, ಊರಿತ್ತು.
ಹದಿನಾಲ್ಕಕ್ಕೆ ಬಂದವಳು, ಸುಂಕದ ಚೌಕಿಯವನ ಮಗಳು;
ಮೀ ಹ್ನಿನ್, ಇಬ್ಬನಿ, ಎಂದು ಕರೆಯುತ್ತಿದ್ದಳು ಅವ್ವ.
ಕರಣಿಕ ಕಪ್ಪು ಕಡತ ಮಡಿಕೆ ಮಡಿಕೆಯಾಗಿ ಬಿಚ್ಚಿ ಓದಿದ:
ಇವಳ ಎಲೆಯಡಿಕೆಯ ಖರ್ಚಿಗೆ ಥನೌಂಗ್‌ಗೋನ್ ಗ್ರಾಮ,
ಮನೆ ನಲವತ್ತೆರಡು, ತಾಳೆಮರ ಆರುನೂರು.
ಅಂದಿನಿಂದ ನಾನು ಥನೌಂಗ್‌ಗೋನ್.
ಹಾಗೆಂದರೆ ಜಾಲಿದಿಬ್ಬ.

ಪಕ್ಕದ ಕೋಣೆಯವಳು ಒಂದು ಸೇತುವೆಯ ಊರು,
ಎದುರಿನವಳು ಎರಡು ಕೆರೆ, ಒಂದು ಭತ್ತದ ಬಯಲು.
ರಾತ್ರಿ ಅಳುವಾಗ ಮಾತ್ರ
ನಾವು ಹುಡುಗಿಯರು.

ಪಟ್ಟದರಾಣಿಗೆ ಬಿಳಿ ಕೊಡೆ.
ನನಗೆ ಮೂಲೆಯ ತೇಗದ ಕಂಬ;
ಒರಗಿ ಒರಗಿ ಅದರ ಚಿನ್ನದ ರೇಕು
ನನ್ನ ಭುಜದಗಲ ಸವೆಯಿತು.
ಕಾಲು ಹಿಂದಕ್ಕೆ ಮಡಚಿಯೇ ಕೂರಬೇಕು,
ಅಂಗಾಲು ದೊರೆಯ ಕಣ್ಣಿಗೆ ಬೀಳಬಾರದು.

ಅವರು ನನ್ನನ್ನು ಕರೆಸಿದ್ದು ಎರಡೇ ಸಲ.
ಮೊದಲ ಸಲದ್ದು ಹೇಳುವುದಿಲ್ಲ.
ಎರಡನೆಯ ಸಲ ಹಲ್ಲುನೋವು.
ಬೆಳಗಿನ ನಗಾರಿಯವರೆಗೂ ಲವಂಗ ಜಜ್ಜಿದೆ.
ಬಾಯಿ ತೆರೆದು ಮಲಗಿದರೆ
ಥೇಟು ನಮ್ಮಪ್ಪ.

ವರ್ಷಕ್ಕೊಮ್ಮೆ, ಮಳೆಗಾಲದ ವ್ರತ ಮುಗಿದು
ದೀಪದ ಹುಣ್ಣಿಮೆಗೆ, ನನ್ನ ಊರ ಹಿರಿಯ ಬರುತ್ತಿದ್ದ.
ಊ ತ್ವೇ. ಮಂಡಿಯ ಮೇಲೆ ಹೊಲಿದ ಹಳೇ ಲುಂಗಿ.
ಚಾಪೆಗೆ ಹಣೆ ಹಚ್ಚುತ್ತಿದ್ದ. ಪರದೆಯಾಚೆಯಿಂದ ನಾನು:
"ಊರಲ್ಲಿ ಹೊಳೆ ಇದೆಯೇ?"
"ಇದೆ ತಾಯಿ, ಮಳೆ ಬಂದರೆ."
"ಜಾಲಿ ಹೂ ಬಿಡುವುದು ಯಾವ ತಿಂಗಳು?"
ಅವನು ಚಾಪೆಯ ಹೆಣಿಗೆ ನೋಡಿದ.
"ಬೆಲ್ಲ ಈ ಸಲ ಎಂಟುನೂರು ವೀಸೆ" ಎಂದ.

ಎಂಟುನೂರು ವೀಸೆ ಉಗ್ರಾಣ ಹೊಕ್ಕಿತು.
ನನ್ನ ಪಾಲಿಗೆ ಅರಗಿನ ಬಟ್ಟಲಲ್ಲಿ ನಾಲ್ಕು ಉಂಡೆ;
ಒಂದು ಇರುವೆಗೆ.
ನಿದ್ದೆ ಬಾರದಾಗ ಆ ದಿಬ್ಬ ಹತ್ತುತ್ತಿದ್ದೆ,
ಹಳದಿ ಹೂವಿನ ಹಿಟ್ಟು ಮೈಮೇಲೆ ಉದುರಿಸಿಕೊಂಡು
ಒಂದೊಂದೇ ಮನೆಯ ಬಾಗಿಲು ತಟ್ಟುತ್ತ.
ನಲವತ್ತೆರಡು ಮುಗಿಯುವ ಮೊದಲೇ ಬೆಳಗು.

ಆಮೇಲೆ ನದಿಯಲ್ಲಿ ಹೊಗೆಹಡಗು ಬಂದವು.
ಅದನ್ನು ಬೇರೆಯವರು ಬರೆಯುತ್ತಾರೆ.
ಕಿವಿಯ ಓಲೆ ಕೊಟ್ಟು ಎತ್ತಿನಗಾಡಿ ಹಿಡಿದೆ.
"ಯಾವ ಕಡೆ?" ಎಂದ ಗಾಡಿಯವ.
ನನ್ನ ಹೆಸರು ಹೇಳಿದೆ.

ಮೂರು ದಿನ ಧೂಳು. ತಾಳೆ, ತಾಳೆ, ತಾಳೆ.
ಊರ ನಡುವೆ ದಿಬ್ಬ,
ಹೊಸ ಭಿಕ್ಖುವಿನ ತಲೆಯ ಹಾಗೆ ಬೋಳು.
ಕೆಳಗೆ ಒಲೆ, ಕೊಪ್ಪರಿಗೆ, ಸೌಟು ತಿರುವುವ ಒಬ್ಬ ಮುದುಕಿ.
"ಇಲ್ಲಿ ಜಾಲಿ ಇತ್ತಲ್ಲ?"
"ಇತ್ತು. ಉರಿದು ಹೋಯ್ತು.
ನೀರಾ ಸುಮ್ಮನೆ ಬೆಲ್ಲ ಆಗ್ತದಾ? ಸೌದೆ ಬೇಡವಾ?
ಅಲ್ಲಿ ಒಬ್ಬಳು ರಾಣಿ ಇದ್ದಳಂತೆ, ಬಲು ಸಿಹಿಬಾಯಿ,
ವರ್ಷಕ್ಕೆ ಎಂಟುನೂರು ವೀಸೆ ತಿನ್ನೋಳಂತೆ.
ನನ್ನ ಮಗ ಬಿದ್ದದ್ದು ಆ ಕೊನೇ ಮರದಿಂದ,
ಅದೋ, ಕಾಗೆ ಕೂತಿದೆಯಲ್ಲ, ಅದು."

ಸುಂಕದವನ ಹತ್ತಿರ ಸುಖದುಃಖ ಹೇಳುತ್ತಿದ್ದಳು,
ಪಾಪ, ಗೊತ್ತಿಲ್ಲ ಅವಳಿಗೆ.
"ನಿನ್ನ ಹೆಸರೇನವ್ವ?"
ಊರು ಗಂಟಲವರೆಗೂ ಬಂತು.
ನಲವತ್ತೆರಡು ಮನೆ, ಆರುನೂರು ಮರ, ನುಂಗಿದೆ.
"ಹೂಂ, ನಿಂತ್ಕೋಬೇಡ," ಎಂದಳು, "ಸೌಟು ಹಿಡಿ, ತಳ ಹತ್ತೀತು."

ಹನ್ನೊಂದು ವರ್ಷವಾಯಿತು, ಹಿಡಿದಿದ್ದೇನೆ.
ದಿಬ್ಬದ ಮೇಲೆ ಮೂರು ಜಾಲಿ ನೆಟ್ಟೆ. ಎರಡು ಆಡು ಮೇದವು.
ಮೂರನೆಯದಕ್ಕೆ ಮುಳ್ಳು ಬಂದಿದೆ.
ಒಲೆಯ ಮುಂದೆ ಈಗಲೂ, ಮರೆತು,
ಕಾಲು ಹಿಂದಕ್ಕೆ ಮಡಚಿ ಕೂರುತ್ತೇನೆ.
ಮುದುಕಿ ಸೌದೆಯ ತುದಿಯಿಂದ ತಿವಿದು ಕೇಳುತ್ತಾಳೆ:
ಚಾಚೇ ಕಾಲು.
ಇಲ್ಲಿ ಯಾರಿದ್ದಾರೆ ಅಂತ
ಅಂಗಾಲು ಮುಚ್ಚಿಡ್ತೀ?